ಕಹಳೆಯವರ ‘ಪರವಾಗಿಲ್ಲ’

ನಮ್ಮ ಯಜಮಾನರನ್ನು ಮಾರುಕಟ್ಟೆಯಲ್ಲಿ ಎಲ್ಲರೂ ಕಹಳೆ ಅಂತಲೇ ಕರೆಯುವುದು. ಸಗಟು ತರಕಾರಿಯ ಹರಾಜು ಕೂಗುವ ಕೆಲಸ. ಟೊಮೆಟೊ ಕ್ರೇಟುಗಳ ನಡುವೆ ನಿಂತು ಬಾಯಿ ತೆರೆದರೆ ಆಚೆ ಗೇಟಿನಲ್ಲಿ ಲಾರಿ ತೊಳೆಯುವವನಿಗೂ ಬೆಲೆ ತಿಳಿಯಬೇಕು. ಮನೆಯಲ್ಲೂ ಅದೇ ಗಂಟಲು. ಇವರು ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪು ಹಿಡಿದು ಬರಬೇಕು, ಹಾಗೆ.

ಆಮೇಲೆ ಶ್ವಾಸಕೋಶದ ಕಾಯಿಲೆ ಬಂತು. ಪೂರ್ತಿ ವಾಸಿಯಾಗುವಂಥದ್ದಲ್ಲ, ಹತೋಟಿಯಲ್ಲಿಟ್ಟುಕೊಂಡು ಬದುಕಬೇಕು ಎಂದರು ಡಾಕ್ಟರು. ಹರಾಜು ನಿಂತಿತು. ಅದರ ಜೊತೆ ಮಾತೂ ನಿಂತಿತು. ಊಟ ಸೇರಿತಾ? ಪರವಾಗಿಲ್ಲ. ಉಸಿರು ಹೇಗಿದೆ? ಪರವಾಗಿಲ್ಲ. ಮಗಳು ಫೋನು ಮಾಡಿದರೂ ಅದೊಂದು ಮಾತು ಹೇಳಿ ನನ್ನ ಕೈಗೆ ಕೊಟ್ಟುಬಿಡುವುದು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಉಸಿರಾಟದ ವ್ಯಾಯಾಮಕ್ಕೆಂದು ಆಸ್ಪತ್ರೆಯ ಪುನಶ್ಚೇತನ ವಿಭಾಗಕ್ಕೆ ಹೋಗುತ್ತಿದ್ದೆವು. ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನು ಅಲ್ಲಿಯ ಫಿಸಿಯೋಥೆರಪಿ ಹುಡುಗಿ ಕಲಿಸುತ್ತಿದ್ದಳು. ಒಳ್ಳೆಯ ಹುಡುಗಿ. ಪ್ರತಿ ಸಲವೂ “ಮನಸ್ಸು ಹೇಗಿದೆ ಸಾರ್?” ಎಂದು ಕೇಳುತ್ತಿದ್ದಳು. ಇವರು “ಪರವಾಗಿಲ್ಲ” ಅನ್ನುತ್ತಿದ್ದರು. ಪಾಪ, ಅವಳು ನಂಬಿದಳು.

ಒಂದು ದಿನ ನಗುತ್ತಾ, “ಸಾರ್ ಧೈರ್ಯವಾಗಿದ್ದಾರಮ್ಮ. ಇನ್ನು ಮನೇಲೇ ಮಾಡ್ಕೊಳ್ಳಲಿ, ಇಲ್ಲಿಗೆ ಬರೋದು ಬೇಡ” ಅಂದಳು. ಇವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಇಲ್ಲಿಗೆ ಬರುವ ನೆಪಕ್ಕಾದರೂ ಹಾಸಿಗೆ ಬಿಟ್ಟು ಏಳುತ್ತಿದ್ದರು. ಇದೂ ತಪ್ಪಿದರೆ ಈ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾರೆ ಎಂದು ನನಗೆ ಗೊತ್ತಿತ್ತು.

“ಅಯ್ಯೋ, ಪರವಾಗಿಲ್ಲ ಅಂದ್ರೆ ಚೆನ್ನಾಗಿದೀನಿ ಅಂತ ನಿಂಗ್ಯಾರಮ್ಮ ಹೇಳಿದ್ದು?” ಅಂದೆ. “ಕಾಲು ತುಳಿದವರಿಗೂ ಪರವಾಗಿಲ್ಲ ಅಂತೀವಿ. ನೋವಾಗಿಲ್ಲ ಅಂತಾನಾ? ಸುಮ್ನೆ ಹೋಗಿ ಅಂತ! ಈ ಮಹಾರಾಯರು ನಮ್ಮನ್ನೆಲ್ಲ ಹಾಗೇ ಸಾಗಹಾಕ್ತಿದಾರೆ.”

“ಮೆತ್ತಗೆ ಕಣೇ, ಜನ ಇದಾರೆ” ಎಂದರು ಇವರು.

“ಇರಲಿ ಬಿಡ್ರೀ! ನೀವು ಬಾಯಿ ಬಿಡಲ್ಲ, ನಾನಾದ್ರೂ ಬಿಡ್ತೀನಿ.”

ಹುಡುಗಿ ಸ್ಟೂಲು ಎಳೆದುಕೊಂಡು ಇವರ ಎದುರಿಗೆ ಕೂತಳು. “ನಂದೇ ತಪ್ಪು ಸಾರ್. ಆ ಮಾತೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ. ಅವಸರ ಇಲ್ಲ.”

ಇವರು ಕಾಲಿಗೆ ಸಿಕ್ಕ ಚಪ್ಪಲಿಯನ್ನು ಮತ್ತೆ ಪಕ್ಕಕ್ಕೆ ಸರಿಸಿದರು. ನಾನು ತುಟಿ ಬಿಗಿದು ಕೂತೆ, ಅದು ನನಗೆ ಸುಲಭದ ಕೆಲಸವಲ್ಲ. ಕೊನೆಗೆ ಅಂದರು, “ಭಯ ಆಗುತ್ತಮ್ಮ. ಉಸಿರು ಸಿಗದೇ ಇದ್ದಾಗ ಮುಗೀತು ನನ್ನ ಕಥೆ ಅನ್ಸುತ್ತೆ. ಇವಳಿಗೆ ಹೇಳಿದ್ರೆ ಇವಳೂ ಹೆದರ್ತಾಳೆ.”

“ಈಗೇನು ಹೆದರದೇ ಇದೀನಾ?” ಅಂದೆ. “ನೀವು ಆ ಕಡೆ, ನಾನು ಈ ಕಡೆ ಕೂತು ಒಬ್ಬೊಬ್ರೇ ಹೆದರೋ ಬದಲು ಒಟ್ಟಿಗೇ ಹೆದರೋಣ ರೀ.” ಅಷ್ಟು ಹೇಳುವುದರೊಳಗೆ ನನಗೆ ಅಳು ಬಂತು. ಅವರಿಗೂ ಬಂತು. ಅತ್ತು ಉಸಿರು ಕಟ್ಟಿತು ಅಂತ ಹುಡುಗಿ ಇಬ್ಬರನ್ನೂ ಗದರಿಸಿ ವ್ಯಾಯಾಮ ಮಾಡಿಸಿದಳು. ಬರುವುದನ್ನು ನಿಲ್ಲಿಸಬೇಡಿ ಎಂದಳು.

ಅವತ್ತು ಮನೆಗೆ ನಡೆದು ಬರುವಾಗ ಬೇಕರಿಯ ಮುಂದೆ ನನ್ನ ತೋಳು ಹಿಡಿದು ಎಳೆದರು. “ನಿಲ್ಲೇ, ಆಗ್ತಿಲ್ಲ” ಅಂದರು. ಕಾಯಿಲೆ ಬಂದ ಮೇಲೆ ಅವರು ನನ್ನ ಸಹಾಯ ಕೇಳಿದ್ದು ಅದೇ ಮೊದಲು. ನಿಂತೆ. ದಾರಿಹೋಕರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಇವರು ನನ್ನ ಭುಜಕ್ಕೆ ಪೂರ್ತಿ ಭಾರ ಕೊಟ್ಟು, ಉಸಿರು ಮರಳುವವರೆಗೂ ಹಾಗೇ ನಿಂತಿದ್ದರು.