ಎರಡನೆಯ ಟೀಚರು

ಹಳ್ಳಿಯ ಶಾಲೆಯ ಒಂದೇ ಕೋಣೆಯಲ್ಲಿ ಐದು ತರಗತಿಗಳಿಗೂ ಒಬ್ಬಳೇ ಪಾಠ ಹೇಳಿ ಹೇಳಿ ಅವಳ ಗಂಟಲು ಕೆಟ್ಟುಹೋಯಿತು. "ಇನ್ನು ಮೇಲೆ ಕೂಗ್ಬೇಡಿ" ಎಂದರು ಡಾಕ್ಟರು. "ಮನೇಲೂ ತಾನೇ ಡಾಕ್ಟ್ರೇ?" ಎಂದು ಗಂಡ ಆಸೆಯಿಂದ ಕೇಳಿದ. ಶಾಲೆ ಬಿಟ್ಟು ಅವಳು ಶಿಕ್ಷಣ ನೀತಿಯ ಸಂಶೋಧನಾ ಸಂಸ್ಥೆಯೊಂದನ್ನು ಸೇರಿದಳು. ಅಲ್ಲಿ ಎಲ್ಲರ ಬಾಯಲ್ಲೂ 'ಟೀಚರಮ್ಮ' ಆದಳು.

ಅವಳ ಮೊದಲ ಅಧ್ಯಯನ ಚಿಕ್ಕ ಶಾಲೆಗಳ ಬಗ್ಗೆ. ಊರೂರು ಅಲೆದು, ನೋಡಿದ್ದನ್ನು ನೋಡಿದ ಹಾಗೆ ಬರೆದಳು: ಒಬ್ಬರೇ ಟೀಚರಿರುವ ಕಡೆ ಮಕ್ಕಳ ಕಲಿಕೆ ಹಿಂದೆ ಬಿದ್ದಿದೆ, ಪ್ರತಿ ಶಾಲೆಗೂ ಎರಡನೆಯ ಟೀಚರು ಬೇಕೇ ಬೇಕು. ಇಲಾಖೆ ಮೊದಲರ್ಧವನ್ನು ಎತ್ತಿಕೊಂಡು ಉಳಿದರ್ಧವನ್ನು ಬಿಟ್ಟುಬಿಟ್ಟಿತು. ಕಲಿಕೆ ಹಿಂದಿದೆ ಎಂಬ ನೆಪದಲ್ಲಿ ಚಿಕ್ಕ ಶಾಲೆಗಳನ್ನು ಮುಚ್ಚಿ, ಮಕ್ಕಳನ್ನು ದೂರದ ದೊಡ್ಡ ಶಾಲೆಗಳಿಗೆ ಸೇರಿಸಿತು. ಅವಳು ಕಲಿಸಿದ ಶಾಲೆಗೂ ಬೀಗ ಬಿತ್ತು.

ಮನಸ್ಸು ತಡೆಯದೆ ಒಂದು ಶನಿವಾರ ನೋಡಲು ಹೋದಳು. ಪಾಠದ ಕೋಣೆಯಲ್ಲಿ ಸಿಮೆಂಟ್ ಚೀಲಗಳನ್ನು ಒಟ್ಟಿದ್ದರು. ಎದುರಿನ ಹೊಲಿಗೆ ಅಂಗಡಿಯಿಂದ ಅವಳ ಹಳೆಯ ವಿದ್ಯಾರ್ಥಿನಿ ಓಡಿಬಂದು ಕೈ ಹಿಡಿದುಕೊಂಡಳು. ಒಳಗೆ ಆಕೆಯ ಮಗಳು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು.

"ಇವಳು ಸ್ಕೂಲಿಗೆ ಹೋಗಲ್ವಾ?"

"ಹೊಸ ಸ್ಕೂಲು ಹೆದ್ದಾರಿ ಆಚೆ ಟೀಚರ್. ಆ ಲಾರಿಗಳನ್ನ ನೋಡಿದ್ರೇನೇ ಜೀವ ಬಾಯಿಗೆ ಬರುತ್ತೆ. ದಿನಾ ಕರ್ಕೊಂಡು ಹೋಗೋಕೆ ನಂಗೆಲ್ಲಿ ಪುರುಸೊತ್ತು? ನೀವಿದ್ದಿದ್ರೆ ಮುಚ್ಚೋಕೆ ಬಿಡ್ತಾನೇ ಇರ್ಲಿಲ್ಲ."

ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. "ನಾನು ಬರೆದಿದ್ದನ್ನ ತೋರಿಸ್ಕೊಂಡೇ ಮುಚ್ಚಿದ್ದು ಕಣಮ್ಮಾ."

ಹಿಡಿದ ಕೈ ಮೆಲ್ಲಗೆ ಸಡಿಲವಾಯಿತು. "ಬಿಸಿಲಲ್ಲಿ ಬಂದಿದೀರಿ, ನೀರು ಕುಡೀರಿ" ಎಂದಳು ಆಕೆ, ಅಷ್ಟೇ.

ಸೋಮವಾರವೇ ಅವಳು ಡೈರೆಕ್ಟರ ಮುಂದೆ ಕೂತಳು. ವರದಿಯನ್ನು ತಿರುಚಿದ್ದಾರೆ ಎಂದು ಸಂಸ್ಥೆಯೇ ಬಹಿರಂಗವಾಗಿ ಹೇಳಬೇಕು ಎಂದು ಹಟ ಹಿಡಿದಳು. ಅವರೇನೂ ಕೆಟ್ಟವರಲ್ಲ. "ಇಲಾಖೆಯವರ ಜೊತೆ ಜಗಳ ಆಡಿದ್ರೆ ನಾಳೆ ಯಾವ ಶಾಲೆಯೊಳಗೂ ಕಾಲಿಡೋಕೆ ಬಿಡಲ್ಲಮ್ಮಾ" ಎಂದರು. ಅವಳು ತನ್ನ ಹೆಸರಿನಲ್ಲೇ ಪತ್ರಿಕೆಗೆ ಬರೆದಳು. ಒಳಪುಟದ ಮೂಲೆಯಲ್ಲಿ ಅಚ್ಚಾಯಿತು. ಮುಚ್ಚಿದ ಶಾಲೆ ಒಂದೂ ತೆರೆಯಲಿಲ್ಲ. ಅವಳನ್ನು ಸಭೆಗಳಿಗೆ ಕರೆಯುವುದು ಮಾತ್ರ ನಿಂತಿತು. ನಿವೃತ್ತಿಯವರೆಗೂ ಬೇರೆಯವರ ವರದಿಗಳ ಕರಡು ತಿದ್ದುವ ಕೆಲಸವೇ ಗತಿಯಾಯಿತು.

ಪತ್ರಿಕೆಗೆ ಬರೆದ ಆ ದಿನಗಳಲ್ಲೇ, ಶನಿವಾರಗಳಂದು ಆ ಹೊಲಿಗೆ ಅಂಗಡಿಗೆ ಹೋಗಿ ಹುಡುಗಿಗೆ ಪಾಠ ಹೇಳಿಕೊಡತೊಡಗಿದಳು. ಹುಡುಗಿ ಬಲು ಚುರುಕು. ಆದರೆ ಬಟ್ಟೆಗಳ ರಾಶಿ ಏರಿದಂತೆಲ್ಲ ಪಾಠ ಮುಂದಕ್ಕೆ ಹೋಗುತ್ತಿತ್ತು. ಕೊನೆಗೊಂದು ದಿನ ತಾಯಿ, ಮಿಷನ್ನಿನಿಂದ ತಲೆಯೆತ್ತದೆ, "ನಿಮಗ್ಯಾಕೆ ಸುಮ್ನೆ ತೊಂದರೆ ಟೀಚರ್, ಇನ್ಮೇಲೆ ಬರ್ಬೇಡಿ" ಎಂದಳು.

ಮೆತ್ತಗೇ ಹೇಳಿದ್ದಳು. ಮನೆ ಮುಟ್ಟುವವರೆಗೂ ಅವಳಿಗೆ ಅದೊಂದೇ ಮಾತು ಕೇಳಿಸುತ್ತಿತ್ತು.