ಸೇತುವೆಯ ಮೂಗು

ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸ ತಪ್ಪೆಂದು ತಿಳಿದ ಮೇಲೆ, ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲು ನಿಮಗೆ ಎಷ್ಟು ಕಾಲ ಬೇಕು? ನನಗೆ ಇಪ್ಪತ್ತಾರು ವರ್ಷ ಬೇಕಾಯಿತು.

ಹೋದ ವಾರ ಮೇಲುಕೋಟೆಯ ಹಳೆಯ ಮಂಟಪವೊಂದರ ಬಳಿ ಸುಣ್ಣ ಅರಳಿಸುತ್ತಿದ್ದರು. ಆ ಬಿಸಿ ವಾಸನೆ ಬಡಿದದ್ದೇ ಪಾಂಡವಪುರದ ಮೇಸ್ತ್ರಿ ನೆನಪಾದರು... ಸಿಮೆಂಟಿಗೂ ಹಿಂದಿನ ಸುಣ್ಣದ ಗಾರೆಯ ಕೆಲಸ ಬಲ್ಲವರು ಆಗಲೇ ವಿರಳವಾಗಿದ್ದರು, ಅವರು ಅಂಥವರಲ್ಲೊಬ್ಬರು.

ನಮ್ಮೂರಿನ ನಾಲೆ ಅರಸರ ಕಾಲದ್ದು. ಅದರ ಮೇಲಿನ ಕಲ್ಲುಕಮಾನಿನ ಸೇತುವೆಯೂ ಹಳೆಯದು. ಆಚೆ ದಡದ ಊರುಗಳ ಬಸ್ಸು, ಕಬ್ಬಿನ ಗಾಡಿ, ಶಾಲೆಯ ಮಕ್ಕಳು, ಎಲ್ಲರಿಗೂ ಅದೊಂದೇ ದಾರಿ. ನಾನಾಗ ಪದವಿಯ ಎರಡನೆಯ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹುಮ್ಮಸ್ಸಿತ್ತು. ಬೇಸಿಗೆಯಲ್ಲಿ ನಾಲೆಯ ನೀರು ನಿಲ್ಲಿಸಿದಾಗ ಇಬ್ಬರು ಗೆಳೆಯರೊಡನೆ ಶ್ರಮದಾನಕ್ಕಿಳಿದೆ. ಸೇತುವೆಯ ಪಕ್ಕದ ಗೋಡೆಯಲ್ಲಿ ಮುಷ್ಟಿಗಾತ್ರದ ತೂತುಗಳ ಸಾಲಿತ್ತು. ಹಾವು ಸೇರಿಕೊಳ್ಳುತ್ತವೆಂದು ಅಷ್ಟನ್ನೂ ಸಿಮೆಂಟಿನಿಂದ ಮುಚ್ಚಿದೆವು.

ಸೈಕಲ್ಲಿನಲ್ಲಿ ಬಂದ ಮೇಸ್ತ್ರಿ ಇಳಿದು ನೋಡಿ, “ಸೇತುವೆ ಮೂಗು ಮುಚ್ಬುಟ್ರಲ್ಲಪ್ಪ, ಉಸ್ರಾಡೋದೆಂಗೆ?” ಎಂದರು. ರಸ್ತೆಯಿಂದ ಒಳಗಿಳಿದ ಮಳೆನೀರು ಹೊರಬರಲು ಹಳಬರು ಬಿಟ್ಟ ದಾರಿ ಅದೆಂದು ವಿವರಿಸಿದರು. ನಾನು ಒಪ್ಪಲಿಲ್ಲ. ವಿಜ್ಞಾನ, ಪ್ರಗತಿ, ಸಿಮೆಂಟಿನ ಶಕ್ತಿ ಎಂದೆಲ್ಲ ವೇದಿಕೆಯ ಮೇಲಿದ್ದವನಂತೆ ವಾದಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಚೆಂದಾಗಿ ಮಾತಾಡ್ತೀಯ ಬೇಟಾ. ಮಳೆ ಬರ್ಲಿ, ಅದೂ ಒಂದೆರಡು ಮಾತಾಡ್ತದೆ.”

ಮೂರನೆಯ ಮಳೆಗೆ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತು; ಬಸ್ಸು ನಿಂತಿತು. ನಾಲೆಗೆ ನೀರು ಬಿಡಲು ಐದೇ ದಿನವಿತ್ತು. ನೀರು ಬಂದ ಮೇಲೆ ಕೆಳಗೆ ನಿಂತು ಕೆಲಸ ಮಾಡಲಾಗದು. ಅಷ್ಟರೊಳಗೆ ಸರಿಪಡಿಸದಿದ್ದರೆ ಸೇತುವೆ ಕುಸಿಯುವುದನ್ನು ದಡದಲ್ಲಿ ನಿಂತು ನೋಡಬೇಕಾಗುತ್ತಿತ್ತು.

ಯಾರೂ ಕರೆಯದೆಯೇ ಬಂದ ಮೇಸ್ತ್ರಿ, ಉಳಿ ಸುತ್ತಿಗೆಯನ್ನು ನನ್ನ ಕೈಗಿತ್ತರು. ಮೊದಲ ತೂತು ಬಿಚ್ಚಿಕೊಂಡದ್ದೇ ಕೆಸರುನೀರು ಚಿಮ್ಮಿ ನನ್ನ ಮುಖಕ್ಕೆ ಹೊಡೆಯಿತು. “ತಕೊ, ನಿನ್ ಭಾಷಣಕ್ಕೆ ಉತ್ರ ಬಂತು” ಎಂದು ನಕ್ಕರು. ಆಮೇಲೆ ನಗಲಿಲ್ಲ. ಉಬ್ಬಿದ ಕಲ್ಲುಗಳಿಗೆ ಗುರುತು ಹಾಕಿ, ಒಂದೊಂದಾಗಿ ಕಳಚಿ, ಬೆಲ್ಲದ ನೀರು ಬೆರೆಸಿದ ಗಾರೆಯಲ್ಲಿ ಅದದರ ಜಾಗಕ್ಕೇ ಕೂರಿಸಿದರು. ತೂತುಗಳನ್ನು ಬೆರಳಿಟ್ಟು ಪರೀಕ್ಷಿಸಿದರು.

ಐದನೆಯ ದಿನ ಜನ ಸೇರಿದರು. “ತೂತ್ ಮುಚ್ಚಿದ್ ಯಾವನ್ಲಾ ಅವ್ನು?” ಎಂದು ಆಚೆ ದಡದ ಹಿರಿಯರೊಬ್ಬರು ಗುಡುಗಿದರು. ಮೇಸ್ತ್ರಿ ನನ್ನತ್ತ ತಿರುಗಿಯೂ ನೋಡಲಿಲ್ಲ. “ಯಾರೋ ಒಳ್ಳೇದ್ ಮಾಡಕ್ಕೋಗವ್ರೆ, ಬುಡಿ ಗೌಡ್ರೆ. ಗ್ವಾಡೆ ನಿಂತ್ಕತಲ್ಲ.”

ನಾನು ಮುಂದೆ ಬಂದು ಹೇಳಬೇಕಿತ್ತು. ಯಾವ ವೇದಿಕೆಯಲ್ಲೂ ತಡವರಿಸದ ನಾಲಿಗೆ ಅಂದು ಏಳಲಿಲ್ಲ...

ಹಳೆಯದನ್ನು ತಿದ್ದುವ ಮೊದಲು, ಅದನ್ನು ಹಾಗೇಕೆ ಮಾಡಿದ್ದರೆಂದು ಕೇಳಬೇಕು. ಇದನ್ನು ನನಗೆ ಕಲಿಸಿದವರು ಅವರು. ಸೇತುವೆ ಇಂದಿಗೂ ಬಸ್ಸನ್ನು ಹೊರುತ್ತಿದೆ. ಮೇಸ್ತ್ರಿ ತೀರಿಕೊಂಡು ಬಹಳ ವರ್ಷಗಳಾದವು. ಮುಚ್ಚಿದವನು ನಾನು ಎಂದು ಈಗ ಬರೆಯುತ್ತಿದ್ದೇನೆ. ಅವರೆದುರಿಗೆ ಆಡಬೇಕಿದ್ದ ಮಾತು ಇದು.

ಈ ಬೇಸಿಗೆಯಲ್ಲೂ ನಾಲೆಗಳು ಬತ್ತಿವೆ, ದುರಸ್ತಿ ನಡೆಯುತ್ತಿದೆ. ನಿಮ್ಮೂರ ಹಳೆಯ ಸೇತುವೆಗೆ ಸಿಮೆಂಟು ಬಳಿಯಲು ಬಂದವರಿದ್ದರೆ, ದಯವಿಟ್ಟು ಇಂದೇ ಹೋಗಿ, ಆ ತೂತುಗಳನ್ನು ಮುಚ್ಚದಂತೆ ನೋಡಿಕೊಳ್ಳಿ.