ರೊಟ್ಟಿ ಹಾಡು ಕಟ್ಟಿದವರ ಹೆಸರು

ಮದುವೆ ಮೆರವಣಿಗೆಯಲ್ಲಿ ಡಿಜೆ ಹಚ್ಚಿ ನಮ್ಮ ರೊಟ್ಟಿ ಹಾಡಿಗೆ ಕುಣಿಯುತ್ತೀರಲ್ಲ, ಅದನ್ನು ಕಟ್ಟಿದವರು ಯಾರೆಂದು ಒಬ್ಬರಾದರೂ ಕೇಳಿದ್ದೀರಾ? ಕಾಲಿಗಿರುವ ಜೋರು ಬಾಯಿಗಿಲ್ಲವೇ?

ಆ ಹಾಡೀಗ ದೊಡ್ಡದೊಂದು ಗೀತರಚನೆ ಪ್ರಶಸ್ತಿಯ ಕೊನೆಯ ಸುತ್ತಿನಲ್ಲಿದೆ. ಅದನ್ನು ಹಾಡಿದ ಹುಮನಾಬಾದಿನ ಹುಡುಗಿ ಇವತ್ತು ನಮ್ಮೂರು ದುಬಲಗುಂಡಿಗೆ, ನನ್ನ ನೆರೆಮನೆಯ ಶಾಂತಾಬಾಯಿಯನ್ನು ಹುಡುಕಿಕೊಂಡು ಬಂದಿದ್ದಳು.

"ಅಜ್ಜಿ, ಹಾಡು ನಾ ನಿಮ್ಮ ಬಾಯಿಂದ ಕಲ್ತಿದ್ದು. ಪ್ರಶಸ್ತಿ ಅರ್ಜ್ಯಾಗ ಹಾಡು ಬರದೋರ ಜಾಗಾದಾಗ ನಿಮ್ಮ ಹೆಸರೇ ಹಾಕ್ತೀನ್ರಿ."

ಶಾಂತಾ ಬೆವೆತುಹೋದಳು. ಕಳೆ ತೆಗೆಯುವಾಗ ಹೆಂಗಸರು ಎರಡು ಗುಂಪಾಗಿ, ಒಂದು ಗುಂಪು ಹಾಡಿದರೆ ಇನ್ನೊಂದು ಉತ್ತರ ಕಟ್ಟುವುದು ನಮ್ಮಲ್ಲಿ ರೂಢಿ. ಯಾರನ್ನು ಬೇಕಾದರೂ ಬೈಯಬಹುದು, ಬೈಸಿಕೊಂಡವರ ಹೆಸರು ಮಾತ್ರ ಹೇಳುವಂತಿಲ್ಲ. 'ಅತ್ತಿ ಬಡದ ರೊಟ್ಟ್ಯಾಗ ಹದ ಇಲ್ಲ' ಎಂದು ಕಟ್ಟಿದವಳು ಶಾಂತಾ. ಆ ಅತ್ತೆ ಚಂದಮ್ಮ ಅಲ್ಲೇ ಹೊರಸಿನ ಮೇಲೆ ಕೂತಿದ್ದಳು.

"ನಂದಲ್ಲವ್ವ, ಯಾರದೋ ಏನೋ" ಎಂದಳು ಶಾಂತಾ.

"ಯಾಕ ಸುಳ್ಳ ಹೇಳಾಕತ್ತಿ?" ಮುದುಕಿ ಗದರಿದಳು. "ಯಾರಿಗೆ ಬೈದಿ ಅಂತ ನನಗ ಅವತ್ತೇ ಗೊತ್ತಿತ್ತು. 'ಸೊಸಿ ತಂದ ನೀರಾಗ ತಂಪಿಲ್ಲ' ಅಂತ ಜವಾಬು ಕೊಟ್ಟಾಕಿ ನಾನೇ ಅಲ್ಲೇನು? ಬರಿಯವ್ವ ಹುಡುಗಿ, ಇಬ್ಬರದೂ ಬರಿ. ಮೊದಲ ನನ್ನ ಹೆಸರು."

"ಮೊದಲ ಹಾಡಿದಾಕಿ ನಾನು!" ಶಾಂತಾಳ ಬೆವರು ಆರಿಹೋಗಿತ್ತು.

ಅತ್ತೆ ಸೊಸೆ ಇನ್ನೂ ಕಚ್ಚಾಡುತ್ತಿದ್ದಾರೆ. ಹಾಡಿನ ಮೂರನೆಯ ಸಾಲು ಕಟ್ಟಿದವಳು ಯಾರೆಂದು ಮಾತ್ರ ಇಬ್ಬರಿಗೂ ನೆನಪಿಲ್ಲ, ನನಗೂ ಇಲ್ಲ. ಅವಳ ಹೆಸರು ಬಿಟ್ಟರೆ ಪಾಪ ತಟ್ಟುತ್ತದೆ. ಊರವರೇ, ಲೈಕ್ ಒತ್ತಿ ಓಡಬೇಡಿ. ನಿಮ್ಮ ನಿಮ್ಮ ಮನೆಯ ಮುದುಕಿಯರನ್ನು ಕೇಳಿ, ಬರುವ ತಿಂಗಳು ಹುಟ್ಟುವುದರೊಳಗೆ ಇಲ್ಲೇ ಉತ್ತರ ಬರೆಯಿರಿ.